ಎದೆಹಾಲು: ತಿಳಿಯಬೇಕಾದವಳು ತಾಯಿಯೊಬ್ಬಳೆ?

ಆಗಸ್ಟ್ ಮೊದಲ ವಾರ ಬಂತೆಂದರೆ ಆಸ್ಪತ್ರೆಗಳಲ್ಲಿ ಸ್ತನ್ಯಪಾನ ಸಪ್ತಾಹದ ಸಡಗರ. 1992ರಿಂದ ಜಗತ್ತಿನಾದ್ಯಂತ ನಡೆದುಬಂದ ಆಚರಣೆ ಇದು. ಗಣ್ಯರು ದೀಪ ಹಚ್ಚುತ್ತಾರೆ, ಕೂಸು ಎತ್ತಿಕೊಂಡ ಬಾಣಂತಿಯರನ್ನು ಎದುರಿಗೆ ಕೂರಿಸಿಕೊಂಡು ಎದೆಹಾಲು ಅಮೃತವೆಂದು ಬಣ್ಣಿಸುತ್ತಾರೆ. ತಾಯಂದಿರಿಗೆ ತಿಳಿವಳಿಕೆ ಸಾಲದು, ಹೇಳಿಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು ಈ ಸಭೆಗಳ ನಂಬಿಕೆ. ವೈದ್ಯರು, ಅಧಿಕಾರಿಗಳು, ಪತ್ರಿಕೆಯವರು ಎಲ್ಲರೂ ತಲೆದೂಗುವ ಮಾತು. ನನಗದು ಒಪ್ಪಿಗೆಯಿಲ್ಲ.

ಸರ್ಕಾರದ್ದೇ ಲೆಕ್ಕ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಶೇ. 78.9ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 88.6ಕ್ಕೇರಿತು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ? ಮೊದಲ ಸಮೀಕ್ಷೆಯಲ್ಲಿ 41.6, ಎರಡನೆಯದರಲ್ಲಿ 41.8. ಹಿಂದೆ ಇಂಥದ್ದಕ್ಕೆಲ್ಲ ಅಜ್ಜಿಯನ್ನು ದೂರುವುದು ಸುಲಭವಿತ್ತು. ಮೊದಲ ಹಾಲನ್ನು ಹಿಂಡಿ ಚೆಲ್ಲಿಸುತ್ತಾಳೆ, ಕೂಸಿನ ಬಾಯಿಗೆ ಜೇನುತುಪ್ಪ ಸವರುತ್ತಾಳೆ ಎನ್ನುತ್ತಿದ್ದೆವು. ಈಗ ಆ ಒಂದು ಗಂಟೆ ಕಳೆಯುವುದು ಡಾಕ್ಟರು, ನರ್ಸುಗಳ ಕಣ್ಣೆದುರಿಗೇ. ಅಜ್ಜಿ ವಾರ್ಡಿನ ಬಾಗಿಲ ಹೊರಗಿದ್ದಾಳೆ.

ಒಳಗೆ ಏನಾಗುತ್ತದೆ? ಸಿಸೇರಿಯನ್ ಆದ ತಾಯಿ ಹೊಲಿಗೆ ಹಾಕಿಸಿಕೊಳ್ಳುತ್ತ ಮೇಜಿನ ಮೇಲಿರುತ್ತಾಳೆ. ಕೂಸನ್ನು ಒರೆಸಿ, ತೂಗಿ, ಬೇರೆ ಕೋಣೆಗೆ ಒಯ್ದಿರುತ್ತಾರೆ. ಈ ದೇಶದಲ್ಲಿ ಐದು ಹೆರಿಗೆಗೆ ಒಂದಕ್ಕಿಂತ ಹೆಚ್ಚು ಈಗ ಸಿಸೇರಿಯನ್. ಅಂಥ ತಾಯಿಯೂ ಹಾಲೂಡಿಸಬಲ್ಲಳು, ಆದರೆ ಕೂಸನ್ನು ಎದೆಗೆ ಹಿಡಿದುಕೊಡಲು ಪಕ್ಕದಲ್ಲೊಬ್ಬರು ನಿಲ್ಲಬೇಕು. ಇಡೀ ವಾರ್ಡಿಗೆ ಒಬ್ಬಿಬ್ಬರೇ ನರ್ಸ್ ಇದ್ದರೆ ನಿಲ್ಲುವವರು ಯಾರು? ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ಚೀಪದಿದ್ದರೆ ಇಳಿಯುವುದು ತಡವಾಗುತ್ತದೆ. ಅಷ್ಟರಲ್ಲಿ “ಹಾಲೇ ಬರ್ತಿಲ್ಲ, ಒಂದು ಡಬ್ಬಿ ತನ್ನಿ” ಎಂಬ ಮಾತು ಹೊರಬೀಳುತ್ತದೆ, ಗಂಡ ಮೆಡಿಕಲ್ ಸ್ಟೋರಿಗೆ ಓಡುತ್ತಾನೆ. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಇನ್ನೂ ಕಡಿಮೆ ಚೀಪುತ್ತದೆ. ಕೊನೆಗೆ ಹಾಲು ಸಾಲದ ತಪ್ಪು ತಾಯಿಯ ಮೈಮೇಲೆ. ಶಿಶು ಆಹಾರದ ಜಾಹೀರಾತನ್ನು, ಉಚಿತ ಡಬ್ಬಿ ಹಂಚುವುದನ್ನು ನಿಷೇಧಿಸುವ ಕಾಯ್ದೆ 1992ರಲ್ಲೇ ಬಂತು. ಜಾಹೀರಾತಿಗಿಂತ ಬಲವಾದ ಶಿಫಾರಸು ಬಿಳಿ ಕೋಟಿನವರ ಬಾಯಿಂದಲೇ ಬಂದರೆ ಕಾಯ್ದೆ ಏನು ಮಾಡೀತು?

ಅರಿವಿನ ಕೆಲಸದಿಂದ ಏನೂ ಆಗಿಲ್ಲ ಎನ್ನಲಾರೆ. ಇದೇ ಅವಧಿಯಲ್ಲಿ, ಆರು ತಿಂಗಳೊಳಗಿನ ಕೂಸುಗಳಲ್ಲಿ ಬರೀ ಎದೆಹಾಲಿನ ಮೇಲೇ ಇರುವವುಗಳ ಪ್ರಮಾಣ ಶೇ. 54.9ರಿಂದ 63.7ಕ್ಕೆ ಹೋಯಿತು. ಬಿಸಿಲಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರಿಗೆ ಇದರಲ್ಲಿ ಪಾಲು ಸಲ್ಲಬೇಕು. ಆದರೆ ಎರಡೂ ಅಂಕಿಗಳನ್ನು ಜೊತೆಗಿಟ್ಟು ನೋಡಿ: ತಾಯಿ ಮನೆಯಲ್ಲಿ ಮಾಡಬೇಕಾದದ್ದು ಏರಿತು, ಆಸ್ಪತ್ರೆ ಮಾಡಿಸಬೇಕಾದದ್ದು ನಿಂತಲ್ಲೇ ನಿಂತಿತು. ಪಾಠ ಮಾತ್ರ ಈಗಲೂ ತಾಯಿಗೇ.

ಇನ್ನೊಂದು ಮಾತು, ಎದೆಹಾಲಿಗೆ ಖರ್ಚಿಲ್ಲ ಎಂಬುದು. ಆರು ತಿಂಗಳು ಹಗಲೂ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಕೂಸಿನ ಬಳಿ ಇರಬೇಕಾದವಳು ಕೂಲಿಗೆ ಹೋಗುವುದು ಹೇಗೆ? ಹೆರಿಗೆ ಭತ್ಯೆ ಕಾಯ್ದೆಯ 2017ರ ತಿದ್ದುಪಡಿಯ ನಂತರ 26 ವಾರಗಳ ಸಂಬಳಸಹಿತ ರಜೆ ಇದೆ, ಸರಿ. ಅದು ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಗದ್ದೆ ಕಳೆ ಕೀಳುವವಳಿಗೆ, ಇಟ್ಟಿಗೆ ಹೊರುವವಳಿಗೆ, ಮನೆಗೆಲಸದವಳಿಗೆ ಸಿಗುವುದು ಮಾತೃವಂದನಾ ಯೋಜನೆಯ ಹಣ. ಮೊದಲ ಮಗುವಿಗೆ 5000 ರೂಪಾಯಿ. ಆ 26 ವಾರಗಳಿಗೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾದರೂ ಕಾನೂನಿನ ಬಲವಿದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸಲು ಬಿಡುವನ್ನೂ ಕಾನೂನು ಕೊಟ್ಟಿದೆ. ಆದರೆ ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಎಳೆಗೂಸನ್ನು ಬೊಮ್ಮನಹಳ್ಳಿಗೋ ಪೀಣ್ಯಕ್ಕೋ ಹೊತ್ತು ತರುವುದುಂಟೆ? ಕೂಸು ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತದೆ. ಪುಸ್ತಕದಲ್ಲಿರುವ ಬಿಡುವು ಅವಳ ಪಾಲಿಗೆ ಇದ್ದೂ ಇಲ್ಲದಂತೆ.

ಇನ್ನು ನಾಚಿಕೆಯ ಮಾತು. ಸಂತೆಯಲ್ಲಿ, ಬಸ್ಸಿನಲ್ಲಿ ಸೆರಗು ಮರೆಮಾಡಿ ಹಾಲೂಡಿಸಿದವರು ನಮ್ಮ ತಾಯಂದಿರು. ಅವರಿಗೆ ನಾಚಿಕೆ ಬಿಡಿ ಎಂದು ಯಾರೂ ಉಪದೇಶ ಮಾಡಲಿಲ್ಲ. ದಿಟ್ಟಿಸುವವರಿಗೆ ಹೇಳುವುದಿದ್ದರೆ ಹೇಳೋಣ.

ಸಪ್ತಾಹ ನಿಲ್ಲಿಸಿ ಎನ್ನುತ್ತಿಲ್ಲ. ಸಭೆಯಲ್ಲಿ ಕುರ್ಚಿಗಳನ್ನು ತಿರುಗಿಸಿ. ಆಸ್ಪತ್ರೆಯ ಆಡಳಿತದವರು, ಕಾರ್ಖಾನೆಯ ಮಾಲೀಕರು, ಗಂಡಂದಿರು ಕೇಳಿಸಿಕೊಳ್ಳುವ ಕಡೆ ಕೂರಲಿ. ನಿಮ್ಮ ಮನೆಯ ಹೆಣ್ಣುಮಗಳನ್ನು ಹೆರಿಗೆಗೆ ಸೇರಿಸುವ ಮುನ್ನ ಆಸ್ಪತ್ರೆಯವರನ್ನು ಇಷ್ಟು ಕೇಳಿ: ಕಳೆದ ತಿಂಗಳು ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟಕ್ಕೆ ಮೊದಲ ಗಂಟೆಯಲ್ಲೇ ತಾಯಿಯ ಹಾಲು ಸಿಕ್ಕಿತು? ಸಿಸೇರಿಯನ್ ಆದರೆ ಕೂಸನ್ನು ಎದೆಗೆ ಹಿಡಿದುಕೊಡುವವರು ಯಾರು? ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿ.