ಹೋರಾಟದ ಹಾಡು ಮತ್ತು ಶಾಸನ: ಸಿದ್ಧಲಿಂಗಯ್ಯನವರ ಗೀತೆಗಳ ಒಂದು ವಿವೇಚನೆ

ಸಮಾಜದಲ್ಲಿ ಅನ್ಯಾಯವು ನೆಲೆನಿಂತಾಗ ಅದಕ್ಕೆ ಪರಿಹಾರ ಕಾಣಿಸುವ ಹೊಣೆ ರಾಜಕೀಯದ್ದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಶಾಸನಸಭೆಯಲ್ಲಿ ಮಾತು ಹುಟ್ಟುವ ಮೊದಲೇ ಹಾಡುಗಾರನ ಕೊರಳಿನಲ್ಲಿ ಆ ನೋವು ದನಿಗೊಂಡಿರುವುದುಂಟು. ಕುಲದ ಹಮ್ಮನ್ನು ಪ್ರಶ್ನಿಸಿದ ಕನಕದಾಸರ ಕೀರ್ತನೆ ಇದಕ್ಕೆ ಹಳೆಯ ಸಾಕ್ಷಿ, ಡಾ. ಸಿದ್ಧಲಿಂಗಯ್ಯನವರ (1954–2021) ಗೀತೆಗಳು ನಮಗೆ ಹತ್ತಿರದ ಸಾಕ್ಷಿ. ಇವು ಕಾವ್ಯವೋ, ಬರಿಯ ಘೋಷಣೆಯೋ ಎಂಬ ಸಂದೇಹವನ್ನು ಕೆಲವರು ಎತ್ತುವುದರಿಂದ ಅದನ್ನು ಇಲ್ಲಿ ವಿಚಾರಿಸಬಹುದು.

ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂದಿತು. ಆದರೂ ಕೇರಿಗೂ ಊರಿಗೂ ನಡುವಣ ಗೆರೆ ಅಳಿಯಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಸಚಿವ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದರೆಂಬ ಕಾರಣಕ್ಕೆ ದೊಡ್ಡ ಗಲಭೆಯೆದ್ದಿತು. ಅವರು ಪದವಿಯನ್ನು ಬಿಡಬೇಕಾಯಿತು. ಆ ಬಿಸಿಯಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು.

ಸಂಕಲನದ ಹೆಸರೇ ‘ಹಾಡು’ ಎಂಬುದನ್ನು ವಿಮರ್ಶಕರು ಮರೆಯಬಾರದು. ಇವು ಓದುವ ಕೋಣೆಗಿಂತ ಮೆರವಣಿಗೆಯಲ್ಲಿ, ಸಭೆಯಲ್ಲಿ ಬಾಳಿದ ರಚನೆಗಳು. ಒಬ್ಬನು ಎತ್ತಿಕೊಡುತ್ತಾನೆ, ನೂರು ಮಂದಿ ಹಿಂದೆ ದನಿಗೂಡಿಸುತ್ತಾರೆ. ಆದ್ದರಿಂದಲೇ ಸಾಲುಗಳು ಗಿಡ್ಡ, ಪದಗಳು ದಿನಬಳಕೆಯವು. ಕ್ಷೇಮೇಂದ್ರನು ಹೇಳುವ ಔಚಿತ್ಯವನ್ನೇ ಒರೆಗಲ್ಲಾಗಿ ಹಿಡಿದರೂ ಈ ಗೀತೆಗಳಿಗೆ ಈ ಸರಳತೆಯೇ ಉಚಿತವಾದುದು.

‘ನನ್ನ ಜನಗಳು’ ಎಂಬ ಕವಿತೆಯನ್ನು ನೋಡೋಣ. ಹಸಿವು, ದುಡಿಮೆ, ಒದೆತ ಇವುಗಳ ಚಿತ್ರಗಳು ಒಂದಾದ ಮೇಲೊಂದು ಸಾಲುಗಟ್ಟಿ ಬರುತ್ತವೆ. ಶೀರ್ಷಿಕೆಯ ಎರಡು ಪದಗಳೇ ಮತ್ತೆ ಮತ್ತೆ ಮರಳುತ್ತವೆ. ಅಲಂಕಾರವಿಲ್ಲ, ವ್ಯಾಖ್ಯಾನವಿಲ್ಲ, ಕರುಣೆಯ ಬೇಡಿಕೆಯೂ ಇಲ್ಲ. ಆದರೆ ದನಿಗೂಡಿಸುವ ಪ್ರತಿಯೊಬ್ಬನೂ, ಅವನು ಯಾವ ಜಾತಿಯವನೇ ಆಗಿರಲಿ, ‘ನನ್ನ’ ಎಂಬ ಪದವನ್ನು ತನ್ನ ಬಾಯಿಂದಲೇ ನುಡಿಯಬೇಕಾಗುತ್ತದೆ. ನಿನ್ನೆಯವರೆಗೆ ‘ಅವರು’ ಆಗಿದ್ದವರು ಹಾಡುವಷ್ಟು ಹೊತ್ತಾದರೂ ‘ನನ್ನವರು’ ಆಗುತ್ತಾರೆ. ಇದನ್ನು ಧ್ವನಿಯೆಂದು ಕರೆಯಲು ಹಿಂಜರಿಯಬೇಕಾಗಿಲ್ಲ.

ದೋಷಗಳಿಲ್ಲವೆಂದಲ್ಲ. ಕೆಲವು ಗೀತೆಗಳಲ್ಲಿ ರೋಷವು ಚಿತ್ರವನ್ನು ನುಂಗಿ ಅಪ್ಪಣೆಯ ದನಿಯೊಂದೇ ಉಳಿಯುತ್ತದೆ. ಧಾಟಿಯನ್ನು ತೆಗೆದು ಓದಿದರೆ ಅವು ಸಪ್ಪೆಯಾಗುತ್ತವೆ. 1979ರ ‘ಸಾವಿರಾರು ನದಿಗಳು’ ಸಂಕಲನದ ಹೆಸರಿನ ಕವಿತೆಯಲ್ಲಾದರೋ ರೋಷಕ್ಕೆ ರೂಪ ದೊರೆತು ಜನಪ್ರವಾಹವೇ ಕಣ್ಣಿಗೆ ಕಟ್ಟುತ್ತದೆ. ಅಣ್ಣಾಭಾವು ಸಾಠೆ, ವಾಮನದಾದಾ ಕರ್ಡಕ ಮೊದಲಾದ ಮರಾಠಿ ಶಾಹೀರರನ್ನು ಬಲ್ಲ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಾಚಕರಿಗೆ ಈ ಗುಣದೋಷಗಳು ಹೊಸವೆನಿಸಲಾರವು. ಬೀದಿಯ ಹಾಡು ಎಲ್ಲ ಭಾಷೆಗಳಲ್ಲಿಯೂ ಈ ಅಪಾಯವನ್ನು ಹೊತ್ತೇ ನಡೆಯುತ್ತದೆ.

ಇನ್ನು ರಾಜಕೀಯದ ಉತ್ತರವೇನು? ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅದು ಗೇಣಿದಾರನಿಗೆ ನೆಲ ಕೊಟ್ಟಿತು. ಆದರೆ ಸಿದ್ಧಲಿಂಗಯ್ಯನವರ ಹಾಡಿನಲ್ಲಿರುವವನು ಗೇಣಿದಾರನಲ್ಲ, ಕೂಲಿಯವನು. ಆ ಕಾಯಿದೆಯ ಲಾಭ ಅವನ ಕೇರಿಗೆ ಮುಟ್ಟಿದ್ದು ಅತ್ಯಲ್ಪ. ಮಲ ಹೊರಿಸುವುದನ್ನು ನಿಷೇಧಿಸಲು ದೇಶಮಟ್ಟದಲ್ಲಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯಿದೆ ಬೇಕಾದವು. ಆಮೇಲೂ ಮಲಗುಂಡಿಗಳಲ್ಲಿ ಸಾವುಗಳು ನಿಂತಿಲ್ಲ. ಕವಿಗಳೇ ಎರಡು ಅವಧಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ಬೀದಿಯ ಕವಿ ಸದನಕ್ಕೆ ಹೋದುದನ್ನು ಆಕ್ಷೇಪಿಸಿದವರುಂಟು. ಆದರೆ ಹಾಡು ಎತ್ತಿದ ಪ್ರಶ್ನೆಯನ್ನು ಸದನದಲ್ಲಿಯೂ ಯಾರಾದರೂ ಕೇಳಲೇಬೇಕಷ್ಟೆ!

ಹಾಡು ಒಂದು ಗುಂಟೆ ನೆಲವನ್ನೂ ಹಂಚಲಾರದು. ಶಾಸನವು ಹಂಚಬಲ್ಲುದು, ಆದರೆ ಪಕ್ಕದಲ್ಲಿ ಕುಳಿತವನನ್ನು ‘ನನ್ನವನು’ ಎಂದು ಅನ್ನಿಸಲಾರದು. ಈ ಎರಡನೆಯ ಕೆಲಸದ ಪಾಲು ಶಾಲೆಗೂ ಸೇರಿದೆ. ಇಂಥ ಪದ್ಯ ಪಾಠಕ್ಕೆ ಬಂದಾಗ ಶಬ್ದಾರ್ಥ ಬರೆಸಿ, ಸಾರಾಂಶ ಹೇಳಿ ಮುಗಿಸಿದರೆ ಅದರ ಜೀವವೇ ಹೋದಂತೆ. ಅಧ್ಯಾಪಕ ಬಂಧುಗಳು ಅದನ್ನು ಮೊದಲು ಹಾಡಿಸಲಿ, ತರಗತಿಯ ಎಲ್ಲ ಮಕ್ಕಳಿಂದಲೂ ಒಟ್ಟಿಗೆ ಹಾಡಿಸಲಿ. ಅರ್ಥವನ್ನು ಆಮೇಲೆ ಹೇಳಬಹುದು.