ನೋಟಿಸು ಕೊಟ್ಟರೆ ಪಾಠ ಸುಧಾರಿಸದು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲೇ ಕಲಬುರಗಿ ಜಿಲ್ಲೆಯ ಮುಖ್ಯಶಿಕ್ಷಕರಿಗೆ ಪರಿಶೀಲನಾ ಸಭೆಯ ಕರೆ ಬರುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ರಾಜ್ಯಕ್ಕೆ ಮೊದಲಾಯಿತು. ಕಲಬುರಗಿ ಶೇ 42.43ಕ್ಕೆ ಇಳಿದು ಕಟ್ಟಕಡೆಗೆ ನಿಂತಿತು. ಇಂಥ ಸಭೆಗಳಲ್ಲಿ ಶಾಲೆವಾರು, ವಿಷಯವಾರು ಪಟ್ಟಿ ಓದುತ್ತಾರೆ. ಕಡಿಮೆ ಫಲಿತಾಂಶದ ಶಿಕ್ಷಕರನ್ನು ಎದ್ದು ನಿಲ್ಲಿಸುತ್ತಾರೆ. ಆಮೇಲೆ ಕಾರಣ ಕೇಳಿ ನೋಟಿಸು, ವೇತನ ಬಡ್ತಿ ತಡೆಯುವ ಎಚ್ಚರಿಕೆ. ಶಿಕ್ಷಕರಿಗೆ ಹುರುಪು ತುಂಬಲು ನಮ್ಮ ಆಡಳಿತ ನೆಚ್ಚಿಕೊಂಡಿರುವ ಮುಖ್ಯ ಪದ್ಧತಿ ಇದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಪದ್ಧತಿಯನ್ನೂ, ಶಿಕ್ಷಕರ ಮನಸ್ಸನ್ನು ಕಟ್ಟುವ ಕೆಡಿಸುವ ಇತರ ಕ್ರಮಗಳನ್ನೂ ತೂಗಿ ನೋಡಬೇಕಾಗಿದೆ.

ತೂಗಲು ಒಂದೇ ಅಳತೆ ಸಾಕು. ನಿನ್ನೆ ಅಕ್ಷರ ಕೂಡಿಸಲು ತಡವರಿಸುತ್ತಿದ್ದ ಹುಡುಗ ಇವತ್ತು ಒಂದು ವಾಕ್ಯವನ್ನು ತಾನೇ ಓದಿದ್ದನ್ನು ಕಂಡಾಗ ಮಾಸ್ತರರಿಗೆ ಸಿಗುವ ಬಲ ಯಾವ ಪ್ರಶಸ್ತಿಯಿಂದಲೂ ಸಿಗುವುದಿಲ್ಲ. ಹಾಗಾಗಿ ಯಾವುದೇ ಕ್ರಮ ಶಿಕ್ಷಕರನ್ನು ಮಗುವಿನ ಕಲಿಕೆಗೆ ಹತ್ತಿರ ತರುತ್ತದೆಯೋ ದೂರ ಒಯ್ಯುತ್ತದೆಯೋ ಎಂದು ಕೇಳಿದರೆ ಅದರ ಯೋಗ್ಯತೆ ತಿಳಿದುಬಿಡುತ್ತದೆ.

ನೋಟಿಸು ಈ ಅಳತೆಯಲ್ಲಿ ಸೋಲುತ್ತದೆ. ಹತ್ತನೆಯ ತರಗತಿಯ ಗಣಿತ ಶಿಕ್ಷಕರ ಕೈಗೆ ಬರುವ ಮಗು ಅದಾಗಲೇ ಒಂಬತ್ತು ವರ್ಷ ಶಾಲೆಯಲ್ಲಿ ಕಳೆದಿರುತ್ತದೆ. ಭಾಗಾಕಾರ ಬಾರದೆ ಬಂದ ಮಗುವಿಗೆ ಹತ್ತೇ ತಿಂಗಳಲ್ಲಿ ತ್ರಿಕೋನಮಿತಿ ಕಲಿಸು ಎಂದು ಕೇಳಿ, ಆಗದಿದ್ದಾಗ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ನಕಲು ತಡೆದದ್ದು ಸರಿಯಾದ ಕೆಲಸ. ಆದರೆ ಹಲವು ವರ್ಷ ಮುಚ್ಚಿಟ್ಟ ಕೊರತೆ ಒಮ್ಮೆಲೇ ಬಯಲಾದಾಗ ಅದರ ಭಾರವನ್ನೆಲ್ಲ ತರಗತಿಯಲ್ಲಿ ನಿಂತವರ ಹೆಗಲಿಗೇ ಹೊರಿಸಿದೆವು. ನೋಟಿಸಿಗೆ ಹೆದರಿದ ಶಿಕ್ಷಕರು ಪಾಸಾಗಬಲ್ಲ ಮಕ್ಕಳನ್ನು ಆರಿಸಿ ಪ್ರಶ್ನೋತ್ತರ ಉರು ಹೊಡೆಸುತ್ತಾರೆ. ತೀರಾ ಹಿಂದುಳಿದ ಮಗು ಹಿಂದಿನ ಬೆಂಚಿನಲ್ಲೇ ಉಳಿಯುತ್ತದೆ.

ಈ ಮೂರು ತಾಲ್ಲೂಕುಗಳ ತರಗತಿಗೆ ತನ್ನದೇ ಕಷ್ಟಗಳಿವೆ. ದಸರೆ, ದೀಪಾವಳಿ ಮುಗಿಯುತ್ತಲೇ ಗುಳೆ ಶುರು. ಕಬ್ಬು ಕಡಿಯಲು ಕೆಲವರು, ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕೆಲವರು ಹೊರಡುತ್ತಾರೆ. ತಾಂಡಾದ ಮೂರನೆಯ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಜೂನ್‌ನಿಂದ ಕೂತು ಹೇಳಿಕೊಟ್ಟ ಮೇಲೆ ಅಕ್ಟೋಬರ್ ಹೊತ್ತಿಗೆ ಒತ್ತಕ್ಷರ ಹಿಡಿತಕ್ಕೆ ಬಂದಿದೆ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ನಾವು ಊರಿಗಿ ಹೊಂಟೀವ್ರಿ ಸರ್’ ಎನ್ನುತ್ತಾಳೆ. ತಿರುಗಿ ಬರುವುದು ಯುಗಾದಿಯ ಆಸುಪಾಸಿಗೆ. ಆಗ ಒತ್ತಕ್ಷರವೂ ಇಲ್ಲ, ಕಾಗುಣಿತವೂ ಅರ್ಧ ಮರೆತಿದೆ. ವರ್ಷವರ್ಷವೂ ಹೀಗೆ ಮೊದಲಿನಿಂದ ಶುರು ಮಾಡುವ ಶಿಕ್ಷಕರ ದಣಿವನ್ನು ಅಳೆಯುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ಅಫಜಲಪುರ, ಆಳಂದದ ಗಡಿ ಹಳ್ಳಿಗಳಲ್ಲಿ ಮರಾಠಿ, ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಭೀಮೆ ಉಕ್ಕಿದ ವರ್ಷ, 2020ರ ಅಕ್ಟೋಬರಿನಲ್ಲಾದಂತೆ, ನದಿದಂಡೆಯ ಊರುಗಳ ಶಾಲೆಗಳಲ್ಲಿ ಪಾಠ ನಿಲ್ಲುತ್ತದೆ. ಗುಳೆ ಹೋದವರ ಮಕ್ಕಳಿಗಾಗಿ ಇರುವ ಋತುಮಾನ ವಸತಿ ಶಾಲೆಯನ್ನು ಹೊತ್ತಿಗೆ ಸರಿಯಾಗಿ ತೆರೆದರೆ ಅದು ಹತ್ತು ನೋಟಿಸುಗಳಿಗಿಂತ ದೊಡ್ಡ ಪ್ರೋತ್ಸಾಹ.

ಇನ್ನು ಪಾಠದ ಹೊರಗಿನ ಕೆಲಸ. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ಕಲಬುರಗಿ ಸೇರಿದಂತೆ ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಿಂದ ಮೊಟ್ಟೆ ಕೊಡಲು ಮೊದಲು ಆರಿಸಿದ್ದೂ ಈ ಭಾಗವನ್ನೇ. ಹಸಿದ ಮಗು ಕಲಿಯದು. ಅನ್ನವೂ ಮೊಟ್ಟೆಯೂ ಬೇಕೇ ಬೇಕು. ತೊಡಕಿರುವುದು ಅದನ್ನು ನಡೆಸುವ ರೀತಿಯಲ್ಲಿ. ಬೇಯಿಸುವ, ಸುಲಿಯುವ, ಸಾಗಿಸುವ ಖರ್ಚೂ ಸೇರಿ ಮೊಟ್ಟೆಯೊಂದಕ್ಕೆ ನಿಗದಿಯಾದದ್ದು 6 ರೂಪಾಯಿ. ಪೇಟೆಯಲ್ಲಿ ದರ ಏರಿದ ದಿನ ಮುಖ್ಯಶಿಕ್ಷಕರು ಅಂಗಡಿಯವನೊಂದಿಗೆ ಚೌಕಾಸಿ ಮಾಡಿ, ಕಡಿಮೆ ಬಿದ್ದದ್ದನ್ನು ಕಿಸೆಯಿಂದ ಹಾಕಿ, ಟ್ರೇಗಳನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಾರೆ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂದು ವಹಿಯಲ್ಲಿ ಬರೆಯುತ್ತಾರೆ. ಇದಾದ ಮೇಲೆ ಸ್ಯಾಟ್ಸ್, ಯುಡೈಸ್ ಎಂಬ ಆನ್‌ಲೈನ್ ದಾಖಲೆಗಳಿಗೆ ಮಾಹಿತಿ ತುಂಬುವ ಕೆಲಸ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದರರ್ಥ ಅರ್ಧ ಶಾಲೆಗೆ ಪಾಠವಿಲ್ಲ ಎಂದೇ. ಇದರ ಜೊತೆಗೆ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಸಮೀಕ್ಷೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿ ಶಿಕ್ಷಕರನ್ನು ಮನೆಮನೆಗೆ ಕಳಿಸಿದರು. ಸಮೀಕ್ಷೆ ಅಗತ್ಯವಿರಬಹುದು. ಅದಕ್ಕಾಗಿ ಮಗು ಕಳೆದುಕೊಂಡ ದಿನಗಳ ಲೆಕ್ಕ ಮಾತ್ರ ಫಲಿತಾಂಶದ ಪರಿಶೀಲನಾ ಸಭೆಗೆ ಬರುವುದಿಲ್ಲ.

ಗೌರವದ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಒಂದರಿಂದ ಏಳನೆಯ ತರಗತಿಗೆಂದು ನೇಮಕವಾಗಿ, ದುಡಿಯುತ್ತಲೇ ಬಿ.ಎ., ಬಿ.ಇಡಿ. ಮುಗಿಸಿದ ಸಾವಿರಾರು ಶಿಕ್ಷಕರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದನೆಯ ತರಗತಿಗೆ ಸೀಮಿತಗೊಳಿಸಿತು. ಅವರಲ್ಲಿ ಎಷ್ಟೋ ಜನ ಈಗಲೂ ಆರು, ಏಳು, ಎಂಟಕ್ಕೆ ಪಾಠ ಮಾಡುತ್ತಿದ್ದಾರೆ. ಆ ಹುದ್ದೆಯ ಹೆಸರು, ಬಡ್ತಿಯ ದಾರಿ ಮಾತ್ರ ಅವರಿಗಿಲ್ಲ. 2024ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಸೇರಿದ್ದು ಇದೇ ನೋವಿಗೆ. ಅತಿಥಿ ಶಿಕ್ಷಕರ ಪಾಡು ಇನ್ನೂ ಕಡೆ. 2025ರ ಬಜೆಟ್‌ನಲ್ಲಿ 2 ಸಾವಿರ ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು ತಿಂಗಳಿಗೆ 12 ಸಾವಿರ. ಬೇಸಿಗೆಯಲ್ಲಿ ಅದೂ ಇಲ್ಲ. ಮುಂದಿನ ಜೂನ್‌ನಲ್ಲಿ ಇದೇ ಶಾಲೆಗೆ ಬರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರಿಗೆ ಮಗುವಿನ ಮೂರು ವರ್ಷದ ಕಲಿಕೆಯನ್ನು ಯೋಜಿಸು ಎಂದು ಹೇಳುವುದು ಹೇಗೆ?

ವರ್ಗಾವಣೆ ನಿಯಮದಲ್ಲಿ ಒಳಿತೂ ಇದೆ, ಕೆಡುಕೂ ಇದೆ. ಕೌನ್ಸೆಲಿಂಗ್ ಬಂದ ಮೇಲೆ ಶಿಫಾರಸಿನ ಚೀಟಿ ಹಿಡಿದು ಓಡಾಡುವುದು ಎಷ್ಟೋ ಕಡಿಮೆಯಾಯಿತು. ಆ ಸುಧಾರಣೆಯನ್ನು ಮೆಚ್ಚಲೇಬೇಕು. ಆದರೆ ತಾಲ್ಲೂಕಿನಲ್ಲಿ ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿಯಿದ್ದರೆ ಅಲ್ಲಿಂದ ಹೊರಹೋಗುವಂತಿಲ್ಲ ಎಂಬ ಮಿತಿ ಹೆಚ್ಚಾಗಿ ತಟ್ಟಿದ್ದು ಕಲ್ಯಾಣ ಕರ್ನಾಟಕದವರಿಗೇ. ಶಾಲೆ ಖಾಲಿಯಾಗಬಾರದೆಂಬ ಉದ್ದೇಶ ಸರಿ. ಆದರೆ ಸರ್ಕಾರ ತುಂಬದೆ ಬಿಟ್ಟ ಹುದ್ದೆಯ ದಂಡವನ್ನು ಅಲ್ಲೇ ಉಳಿದು ದುಡಿದವರು ತೆರಬೇಕಾಯಿತು. 2022ರಲ್ಲಿ ಪ್ರಕಟಿಸಿದ 15 ಸಾವಿರ ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5 ಸಾವಿರ ಈ ಭಾಗಕ್ಕೆ ಮೀಸಲಾಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಪರೀಕ್ಷೆ ಬರೆದವರು ಕೋರ್ಟಿನ ವ್ಯಾಜ್ಯ ಮುಗಿದು ತರಗತಿಗೆ ಬರುವಷ್ಟರಲ್ಲಿ 2023 ಕೊನೆಗೆ ಬಂದಿತ್ತು. ಸಂವಿಧಾನದ 371(ಜೆ) ವಿಧಿಯಿಂದ ಸ್ಥಳೀಯ ವೃಂದ ಬಂದದ್ದು ಮಾತ್ರ ದೊಡ್ಡ ಲಾಭ. ಈ ನೆಲದ ಮಾತು ಬಲ್ಲ, ಇಲ್ಲೇ ಇರಲು ಬಯಸುವ ಶಿಕ್ಷಕರು ಹೆಚ್ಚಾದರು. ಸೇರಿದ ದಿನದಿಂದಲೇ ಸ್ವಂತ ಜಿಲ್ಲೆಗೆ ಮರಳುವ ದಾರಿ ಕಾಯುವವರಿಗಿಂತ ಇವರು ಮಗುವಿಗೆ ಹತ್ತಿರ.

ಶಿಕ್ಷಕರನ್ನೂ ಈ ಅಳತೆಯಿಂದ ಹೊರಗಿಡಲಾಗದು. ಕಲಬುರಗಿಯಲ್ಲಿ ಮನೆ ಮಾಡಿ ಸುಮಾರು 40 ಕಿ.ಮೀ. ದೂರದ ಆಳಂದ, ಜೇವರ್ಗಿಗೂ ಅದರಾಚೆಯ ಹಳ್ಳಿಗಳಿಗೂ ನಿತ್ಯ ಬಸ್ಸು ಹಿಡಿಯುವವರಲ್ಲಿ ಪ್ರಾರ್ಥನೆಗೆ ತಪ್ಪದೆ ಮುಟ್ಟುವವರೂ ಇದ್ದಾರೆ, ಸಂಜೆಯ ಬಸ್ಸನ್ನೇ ನೆನೆಯುತ್ತ ಕೊನೆಯ ಪಿರಿಯಡ್ ಮುಗಿಸುವವರೂ ಇದ್ದಾರೆ. ಈ ಮಕ್ಕಳ ಹಣೆಬರಹವೇ ಇಷ್ಟು ಎನ್ನುವ ಮಾತು ಸಿಬ್ಬಂದಿ ಕೊಠಡಿಯಲ್ಲಿ ಕೇಳಿಬರುವುದುಂಟು. ಅದು ಎಲ್ಲಕ್ಕಿಂತ ಕೆಟ್ಟ ರಜೆ, ಶಾಲೆಯಲ್ಲಿದ್ದೇ ಹಾಕಿದ ರಜೆ. ಆದರೂ ಶಿಕ್ಷಕರೆಲ್ಲ ಕಳ್ಳಬೀಳುವವರು ಎಂಬ ಜನಾಭಿಪ್ರಾಯ ಸುಳ್ಳು. ಕರ್ನಾಟಕವೂ ಸೇರಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಾಲೆಯಲ್ಲಿಲ್ಲದ ಶಿಕ್ಷಕರು ಶೇ 18.5; ಅವರಲ್ಲಿ ಹೆಚ್ಚಿನವರು ತರಬೇತಿ, ಇಲಾಖಾ ಕೆಲಸ, ಮಂಜೂರಾದ ರಜೆಯ ಮೇಲಿದ್ದವರು. ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ.

ಹಾಗಾದರೆ ಯಾವ ಕ್ರಮ ಗೆಲ್ಲುತ್ತದೆ? ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ ಅದೇ ಪ್ರತಿಷ್ಠಾನದ ಶಿಕ್ಷಕರ ಕಲಿಕಾ ಕೇಂದ್ರಗಳಿಗೆ ಶಿಕ್ಷಕರು ಶಾಲೆ ಮುಗಿದ ಮೇಲೆ ತಾವಾಗಿಯೇ ಬಂದು ಪಾಠದ ತೊಡಕುಗಳನ್ನು ಚರ್ಚಿಸುತ್ತಾರೆ. ಬಾ ಎಂದು ಆದೇಶವಿಲ್ಲ, ಬಾರದಿದ್ದರೆ ದಂಡವಿಲ್ಲ. ನಮ್ಮ ಇಲಾಖೆಗೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಎಂಬ ಒಳ್ಳೆಯ ವ್ಯವಸ್ಥೆ ಇದೆ. ಸುತ್ತೋಲೆ ಓದುವುದರಲ್ಲಿ, ಅಂಕಿಅಂಶ ಸಂಗ್ರಹಿಸುವುದರಲ್ಲಿ ಆ ಹೊತ್ತು ಕಳೆದುಹೋಗುತ್ತಿದೆ. ಗುಳೆಯಿಂದ ಮರಳಿದ ಮಗುವಿಗೆ ಏನು ಹೇಳಿಕೊಟ್ಟೆ, ಭಾಗಾಕಾರ ಬಾರದವರನ್ನು ಎಲ್ಲಿಂದ ಹಿಡಿದೆ ಎಂದು ಒಬ್ಬ ಮಾಸ್ತರರು ಇನ್ನೊಬ್ಬರಿಗೆ ಹೇಳುವ ಜಾಗ ಅದಾಗಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಿಕ್ಷಣಕ್ಕೆ ಹಣ ಎತ್ತಿಟ್ಟಿದೆ. ಆ ಹಣದ ಒಂದು ಪಾಲಿನಿಂದ ಶಾಲೆಗಳ ಲೆಕ್ಕ, ಮೊಟ್ಟೆ, ಆನ್‌ಲೈನ್ ಕೆಲಸ ನೋಡಿಕೊಳ್ಳಲು ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಡಲಿ. ಸರ್ಕಾರ ಖಾಲಿ ಹುದ್ದೆಯನ್ನು ಜೂನ್‌ಗೆ ಮೊದಲೇ ತುಂಬಲಿ. ಪರಿಶೀಲನಾ ಸಭೆಯಲ್ಲಿ ಹತ್ತನೆಯ ತರಗತಿಯ ಅಂಕದ ಬದಲು, ಮೂರನೆಯ ತರಗತಿಯ ಮಗು ಓದುತ್ತಿದೆಯೇ ಎಂಬ ಪ್ರಶ್ನೆ ಮೊದಲು ಬರಲಿ. ಇಷ್ಟನ್ನು ಮಾಡಿದ ಮೇಲೂ ಪಾಠ ಮಾಡದವರಿಗೆ ನೋಟಿಸು ಕೊಡುವ ಹಕ್ಕು ಇಲಾಖೆಗೆ ಪೂರ್ತಿಯಾಗಿ ಇದೆ. ಅದಕ್ಕೆ ಮೊದಲು ಇಲ್ಲ.