ಬುಗುರಿ ಸುತ್ತಿದ ಮಾತ್ರಕ್ಕೆ

2022ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ನಲ್ಲಿ ಪಿಯೂಷ್ ಬೆಹೆರಾ, ರಾಮಮೂರ್ತಿ ರಮೇಶ್ ಮತ್ತು ಸಂಗಡಿಗರ ಪ್ರಬಂಧ ಬಂದಾಗಿನಿಂದ, ಫೆರೊಎಲೆಕ್ಟ್ರಿಕ್ (ತಾನಾಗಿಯೇ ವಿದ್ಯುತ್ ಧ್ರುವೀಕರಣ ಹೊಂದಿರುವ) ವಸ್ತುವಿನ ಕೈರಾಲಿಟಿಯನ್ನು, ಎಂದರೆ ಎಡಗೈ ಬಲಗೈ ಭೇದವನ್ನು, ವಿದ್ಯುತ್ ಕ್ಷೇತ್ರದಿಂದ ಬದಲಿಸುವ ಕೆಲಸಕ್ಕೆ ದೊಡ್ಡ ಹೆಸರು. ರಮೇಶ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಸಹಲೇಖಕ ಸುಜಿತ್ ದಾಸ್ ಆಮೇಲೆ ಅಲ್ಲಿಯೇ ಅಧ್ಯಾಪಕರಾದರು. ಹೆಸರು ಸಲ್ಲಬೇಕಾದದ್ದೇ. ಸಂದದ್ದು ಮಾತ್ರ ತಪ್ಪು ಕಾರಣಕ್ಕೆ.

ಲೆಡ್ ಟೈಟನೇಟ್, ಸ್ಟ್ರಾನ್ಷಿಯಂ ಟೈಟನೇಟ್‌ಗಳ ತೆಳುಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ವಿದ್ಯುತ್ ಧ್ರುವೀಕರಣವು ನ್ಯಾನೊಮೀಟರ್ ಗಾತ್ರದ ಸುಳಿಗಳಾಗುತ್ತದೆಂಬುದು 2016ರಿಂದ ಗೊತ್ತಿರುವ ಸಂಗತಿ. ಜನಪ್ರಿಯ ಬರಹಗಳು ಎಡವುವುದು ಇಲ್ಲೇ: ಸುಳಿ ಇದ್ದಮೇಲೆ ಕೈರಾಲಿಟಿಯೂ ಇದ್ದಂತೆ ಎನ್ನುತ್ತವೆ. ಹಾಗೆ ಬರೆದವರು ಚನ್ನಪಟ್ಟಣದ ಅರಗು ಹಚ್ಚಿದ ಬುಗುರಿಯೊಂದನ್ನು ಗಾಜಿನ ಮೇಜಿನ ಮೇಲೆ ಆಡಿಸಿ ನೋಡಲಿ. ಮೇಲಿನಿಂದ ಕಂಡವನಿಗೆ ಅದು ಬಲಕ್ಕೆ ಸುತ್ತಿದರೆ, ಮೇಜಿನಡಿಯಿಂದ ಕಂಡವನಿಗೆ ಎಡಕ್ಕೆ. ಬರೀ ಸುತ್ತುವಿಕೆಗೆ ಎಡಗೈ ಬಲಗೈ ಎಂಬುದಿಲ್ಲ. ಧ್ರುವೀಕರಣದ ಒಂದು ಪಾಲು ಸುಳಿಯ ಅಚ್ಚಿನುದ್ದಕ್ಕೂ ಚಾಚಿಕೊಂಡಾಗಷ್ಟೇ ಆ ಭೇದ ಹುಟ್ಟುತ್ತದೆ.

ಪ್ರಬಂಧದ ಜಾಣ್ಮೆ ಇರುವುದು ಇನ್ನೂ ಒಳಗೆ. ಏಕರೂಪದ ವಿದ್ಯುತ್ ಕ್ಷೇತ್ರಕ್ಕೆ ಸ್ವತಃ ಎಡಬಲ ತಿಳಿಯದು. ಮತ್ತೆ ಅದು ಎರಡರಲ್ಲೊಂದನ್ನು ಆರಿಸುವುದು ಹೇಗೆ? ಅಕ್ಕಪಕ್ಕದ ಸುಳಿಗಳ ಕೇಂದ್ರಗಳಲ್ಲಿ ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ ಸರಿದಿರುತ್ತದೆ. ಈ ಏರುಪೇರಿನಿಂದ ಅಡ್ಡ ದಿಕ್ಕಿಗೆ ಒಂದಷ್ಟು ನಿವ್ವಳ ಧ್ರುವೀಕರಣ ಉಳಿಯುತ್ತದೆ. ಕ್ಷೇತ್ರ ಹಿಡಿದು ಜಗ್ಗುವುದು ಅದನ್ನೇ. ಅದು ಮಗುಚಿದಾಗ ಕೈರಾಲಿಟಿಯೂ ಮಗುಚುತ್ತದೆ.

ಕೈರಾಲಿಟಿಯ ಅಳತೆಯ ಬಗ್ಗೆ ಒಂದು ತಕರಾರು. ಎಡ, ಬಲ ವೃತ್ತೀಯ ಧ್ರುವೀಕರಣದ ಬೆಳಕು ಹಾಯಿಸಿ, ಎರಡರಿಂದಲೂ ಹುಟ್ಟುವ ಇಮ್ಮಡಿ ಆವರ್ತದ ಬೆಳಕಿನ ವ್ಯತ್ಯಾಸವನ್ನು ನೋಡುತ್ತಾರೆ. ಬೆಳಕಿನ ಚುಕ್ಕೆಯಡಿ ಎಷ್ಟೋ ಸುಳಿಗಳಿರುವುದರಿಂದ ಸಿಗುವುದು ಸರಾಸರಿ. ಒಂದೊಂದು ಸುಳಿಯೂ ತಿರುಗಿತೇ ಎಂಬುದನ್ನು ಈ ಅಳತೆಯೊಂದೇ ಹೇಳಲಾರದು. ಸಿಮ್ಯುಲೇಶನ್‌ಗಳ ಆಸರೆ ಬೇಕು. ಕೈರಾಲಿಟಿಯಲ್ಲೇ ಮಾಹಿತಿ ಹಿಡಿದಿಡುವ ಸ್ಮೃತಿಸಾಧನ ಬಂದೇಬಿಟ್ಟಿತು ಎಂದವರು ಇದನ್ನು ಓದದೆ ಹಾರಿಸಿದಂತಿದೆ.

ಕೈರಾಲಿಟಿಯಿಲ್ಲದ ಘಟಕಗಳಿಂದ ಕೈರಾಲಿಟಿ ಹುಟ್ಟಿದ್ದು ಇದೇ ಮೊದಲೆಂಬ ಸಂಭ್ರಮವಂತೂ ಸುಳ್ಳು. ಬಾಗಿದ ಅಣುಗಳ ದ್ರವಸ್ಫಟಿಕಗಳಲ್ಲಿ 1997ರಲ್ಲೇ ಅದು ಕಂಡಿತ್ತು. ಅಂಥ ಅಣುಗಳ ಬಗ್ಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿ.ಕೆ. ಸದಾಶಿವ, ಎನ್.ವಿ. ಮಧುಸೂದನ ಮೊದಲಾದವರು ವರ್ಷಗಟ್ಟಲೆ ದುಡಿದರು. ಇಲ್ಲೇ ನಡೆದ ಈ ಕೆಲಸ ನಮ್ಮ ವಿಜ್ಞಾನ ಬರಹಗಾರರ ಕಣ್ಣಿಗೆ ಬೀಳಲಿಲ್ಲ! ಕ್ಷೇತ್ರದಡಿ ಪದರದಲ್ಲಿ ಓರೆಯಾಗಿ ನಿಂತ ಆ ಅಣುಗಳು ತಮ್ಮ ಓರೆಯ ಶಂಕುವಿನ ಮೇಲೆ ಹೊರಳಿದರೆ ಪದರದ ಕೈರಾಲಿಟಿ ಉಳಿಯುತ್ತದೆ, ತಮ್ಮ ಉದ್ದದ ಅಚ್ಚಿನ ಸುತ್ತ ಹೊರಳಿದರೆ ತಿರುವುಮುರುವಾಗುತ್ತದೆ. ಟೈಟನೇಟ್ ಪದರಗಳ ಸುಳಿ ಮಗುಚುವ ಹಾದಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಗೋಜಿಗೆ ಹೊಗಳುಭಟರು ಹೋಗಿಲ್ಲ.